ಸೋಲಾರ್ ಗಾಜಿನ ಮೇಲೆ ಸಂಡಿಗೆ

ನಾನು ಒಂದು ಸೋಲಾರ್ ಪ್ಯಾನಲ್. ಮನೆಮನೆ ಮೇಲೆ ಕೂರುವ ಆ ದಪ್ಪ ನೀಲಿ ಪ್ಯಾನಲ್ ಅಂದುಕೊಂಡಿರೋ, ಜೋಕೆ! ನಾನು ತೆಳುಪದರದ ಜಾತಿಯವಳು, ಕಪ್ಪು ಸುಂದರಿ. ಎರಡು ಗಾಜಿನ ನಡುವೆ ಕೂದಲಿಗಿಂತ ತೆಳ್ಳಗೆ ಬಳಿದ ಲೇಪವೇ ನನ್ನ ಜೀವ. ಸತುವನ್ನು ಶುದ್ಧಮಾಡುವಾಗ ಉಳಿಯುವ ಕಸದಿಂದ ತೆಗೆದ ಕ್ಯಾಡ್ಮಿಯಂ ಅದರಲ್ಲಿದೆ. ಅದು ವಿಷ, ಮುಚ್ಚಿಡುವುದೇಕೆ? ಗಾಜಿನೊಳಗೆ ಭದ್ರವಾಗಿರುವ ತನಕ ಯಾರಿಗೂ ತೊಂದರೆಯಿಲ್ಲ.

ಚಳ್ಳಕೆರೆ ಕಡೆಯ ಬಯಲಿನಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಹನ್ನೆರಡು ವರ್ಷ ದುಡಿದೆ. ನನ್ನನ್ನು ತಯಾರಿಸಲು ಹಿಡಿದ ಕರೆಂಟಿನಷ್ಟನ್ನು ಮೊದಲ ವರ್ಷವೇ ಕೊಟ್ಟುಬಿಟ್ಟೆ, ಗೊತ್ತೇ? ಆಮೇಲೆ ಹೊಸಬರು ಬಂದರು. ಹಳಬರನ್ನು ಬಿಚ್ಚಿ ಕಾರ್ಖಾನೆಗೆ ವಾಪಸ್ ಕಳಿಸುವ ಲಾರಿಗೆ ತುಂಬಿದರು. ಗಡಿಬಿಡಿಯಲ್ಲಿ ನಾನೊಬ್ಬಳು ಬೇಲಿಯ ಹೊರಗೆ ಉಳಿದೆ.

ಗುಜರಿ ವ್ಯಾಪಾರಿ ಬುಡೇನ್ ಸಾಬ್ ನನ್ನನ್ನು ಎತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿ, "ಅಲ್ಯೂಮಿನಿ ಚೌಕಟ್ಟೂ ಇಲ್ವಲ್ಲೇ ನಿಂಗೆ! ಎಂಥಾ ದರಿದ್ರ ಮಾಲು!" ಎಂದ. ನನಗೆ ಅಳುವೇ ಬಂತು. ಹಳೆ ಕಬ್ಬಿಣದ ಬಕೆಟ್ ಕೊಟ್ಟು ನನ್ನನ್ನು ಇಳಿಸಿಕೊಂಡವಳು ಪಕ್ಕದ ಹಳ್ಳಿಯ ತಿಪ್ಪಕ್ಕ.

ತಿಪ್ಪಕ್ಕ ನನ್ನನ್ನು ಅಂಗಳದಲ್ಲಿ ನಾಲ್ಕು ಇಟ್ಟಿಗೆ ಮೇಲೆ ಮಲಗಿಸಿ, ತೊಳೆದು, ಮೇಲೆ ಅಕ್ಕಿ ಸಂಡಿಗೆ ಇಟ್ಟಳು. ಬಟ್ಟೆ ಹಾಸುವ ಗೋಜೇ ಇಲ್ಲ. ಬಿಸಿಲು ಕುಡಿಯುವುದು ನನಗೆ ಹೊಸದೇ? ಎರಡು ದಿನದ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೊಟ್ಟೆ ಉರಿದುಕೊಂಡರು. ನಾನಂತೂ ಬೀಗಿದ್ದೇ ಬೀಗಿದ್ದು.

ಅಷ್ಟರಲ್ಲಿ ತಿಪ್ಪಕ್ಕನ ಮಗಳು ಭಾಗ್ಯ ಬಸುರಿಯಾಗಿ ತವರಿಗೆ ಬಂದಳು. ಅವಳಿಗೆ ಸಂಡಿಗೆಯ ಬಯಕೆ. ತಿಪ್ಪಕ್ಕ ಹುಳಿ ಮಜ್ಜಿಗೆ ಹಾಕಿ ಹಿಟ್ಟು ಬೇಯಿಸಿದಳು. ಅವಳು ಪಾತ್ರೆ ತರಲು ಒಳಗೆ ಹೋದಾಗ ಮೇಕೆಯೊಂದು ನನ್ನ ಮೇಲೆ ಛಂಗನೆ ಹಾರಿತು. ಚಟ್! ಗಾಜು ನಡುವಿನ ಲೇಪದ ತನಕ ಬಿರುಕುಬಿಟ್ಟಿತು. ತಿಪ್ಪಕ್ಕ ಮೇಕೆಯನ್ನು ಬೈದು ಓಡಿಸಿ, ಬಿರುಕಿನ ಮೇಲೆಯೇ ಸಂಡಿಗೆ ಇಟ್ಟಳು. ಹುಳಿ ನೀರು ಬಿರುಕಿನೊಳಗೆ ಇಳಿಯಿತು. ಹುಳಿ ತಾಗಿದರೆ ನನ್ನ ವಿಷ ಕರಗಿ ಹೊರಬರುತ್ತದೆ. ಅಯ್ಯೋ, ಬಸುರಿ ಹೆಂಗಸು ತಿನ್ನುವುದು ಕಣೇ! ಎಂದು ಕಿರುಚಬೇಕೆನಿಸಿತು. ಬಾಯಿ ಎಲ್ಲಿದೆ ನನಗೆ? ಅಷ್ಟು ಹೆದರಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಸಂಜೆ ಸೊಸೆ ನಾಗವೇಣಿ ಬಂದಳು. ಸೋಲಾರ್ ಬಯಲಿನಲ್ಲಿ ಪ್ಯಾನಲ್ ತೊಳೆಯುವುದು ಅವಳ ಕೆಲಸ.

"ಅತ್ತೆ, ಮುಟ್ಟಬ್ಯಾಡ! ಇದು ಒಡೆದೈತೆ. ಒಡೆದ್ರೆ ಒಳಗಿನ ವಿಷ ಈಚೆ ಬತ್ತದೆ ಅಂತ ನಮ್ಗೆ ಹೇಳವ್ರೆ."

"ಬಿಡೇ, ಒಂದು ಗೆರೆ ಬಿಟ್ರೆ ಏನಾಗ್ತದೆ? ಬೆಳಗಿಂದ ಸೊಂಟ ಮುರಕೊಂಡು ಮಾಡಿದೀನಿ."

"ಭಾಗ್ಯಕ್ಕಂಗೆ ಕೊಡ್ತೀಯಾ ಇದನ್ನ?"

ತಿಪ್ಪಕ್ಕ ಒಂದೊಂದೇ ಸಂಡಿಗೆ ನೋಡಿದಳು. ಕೊನೆಗೆ, "ಚೀಲ ತಗೊಂಬಾರೇ" ಎಂದಳು. ಒಂದನ್ನೂ ಉಳಿಸಲಿಲ್ಲ. ನಾಗವೇಣಿ ಕೈಗವಸು ಹಾಕಿಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿ, ನನ್ನ ಜೊತೆಗೇ ಸುತ್ತಿ ಕಟ್ಟಿದಳು.

ಈಗ ನಾನು ಕಾರ್ಖಾನೆಯ ಹಿತ್ತಲಲ್ಲಿ ಪಾಳಿ ಕಾಯುತ್ತಿದ್ದೇನೆ. ಪುಡಿಮಾಡಿ, ಗಾಜನ್ನೂ ಲೋಹವನ್ನೂ ಬೇರೆಮಾಡಿ, ಮತ್ತೆ ಬಳಸುತ್ತಾರಂತೆ. ಭಯವೇನಿಲ್ಲ, ಕಸದಿಂದ ಹುಟ್ಟಿದವಳಿಗೆ ಇನ್ನೊಂದು ಜನ್ಮ ಸಿಗುವುದೇ ದೊಡ್ಡದು. ಆದರೆ ನೆನಪಾಗುವುದು ನನ್ನನ್ನು ಹೊತ್ತ ಲಾರಿ ಹಳ್ಳಿಯಿಂದ ಹೊರಟ ದಿನ. ತಿಪ್ಪಕ್ಕ ಕರಿದ ಸಂಡಿಗೆಯ ಪೊಟ್ಟಣ ಹಿಡಿದು ಓಡಿಬಂದಳು. ನಾಗವೇಣಿಯಿಂದ ಕಥೆಯೆಲ್ಲ ಕೇಳಿದ್ದ ಡ್ರೈವರ್ ಕೈ ಹಿಂದೆಳೆದುಕೊಂಡ.

"ಯಾತರ ಮ್ಯಾಲೆ ಒಣಗಿಸಿದ್ದವ್ವಾ ಇದು?"

"ನನ್ನ ಸೀರೆ ಮ್ಯಾಲಪ್ಪ," ಎಂದು ತಿಪ್ಪಕ್ಕ ನಕ್ಕಳು. "ನನ್ನ ಬಸುರಿ ಮಗಳೇ ತಿಂದವ್ಳೆ, ತಗೋ!"