ಬಣ್ಣದ ಆಕಾಶದ ಕೆಳಗೆ ಆರ್ಡಿತ್ ತೊಡೆ ತಟ್ಟಿದ್ದು

ಇದು ನಿಜವಾಗಿ ನಡೆದದ್ದು. ನಮ್ಮಜ್ಜಿಯ ಒಲೆಯ ಆಣೆ, ಆ ಒಲೆಯ ಮೇಲಿದ್ದ ಗಡಿಗೆಯ ಆಣೆ, ನನ್ನ ಕಡೆಯಿಂದ ಒಂದು ಅಕ್ಷರವೂ ಹೆಚ್ಚಿಗೆ ಸೇರುವುದಿಲ್ಲ. ಎಲ್ಲಾದರೂ ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿದರೆ ಅದು ಆರ್ಡಿತ್ ವಾವ್ರಾ ಹೇಳಿದ್ದು ಎಂದು ತಿಳಿಯಿರಿ. ಆದರೆ ಅವಳು ನಮ್ಮ ನೆಬ್ರಾಸ್ಕದಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಒಂದು ದಿನ, ಒಂದು ನಿಮಿಷ ತಡ ಮಾಡಿದವಳಲ್ಲ. ಹಿಮ ಮನೆಯ ಸೂರು ಮುಟ್ಟಿದ ವರ್ಷ ಬೇಲಿಗೂಟಗಳ ತುದಿಯ ಮೇಲೆ ಬಸ್ಸು ಓಡಿಸಿಕೊಂಡು ಬಂದವಳು. ಅಂಥವಳಿಗೆ ಸುಳ್ಳು ಹೇಳಲು ಪುರುಸೊತ್ತಾದರೂ ಎಲ್ಲಿ?

ಜನ ಜೂಜಾಡಲು ಹೋಗುವ ಲಾಸ್ ವೇಗಸ್ಸಿಗೆ ಆರ್ಡಿತ್ ಮೊದಲ ಸಲ ಹೋದದ್ದು ತಂಗಿ ಲವೋನ್‌ಳ ಮದುವೆಗೆ. ಅಕ್ಕನಿಗೆ ಅರವತ್ತೇಳು, ತಂಗಿಗೆ ಅರವತ್ತೊಂದು. ಮದುಮಗ ಮರ್ಲ್, ನೀರಿನ ನಲ್ಲಿ ರಿಪೇರಿ ಮಾಡುವವನು, ಮಾತು ಕಡಿಮೆ, ಕೈ ಒಳ್ಳೆಯದು. ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಒಂದು ಪುಟ್ಟ ಮದುವೆ ಚರ್ಚಿನಲ್ಲಿ ಮುಹೂರ್ತ.

ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಲವೋನ್ ಕೂದಲಿಗೆ ಸುರುಳಿ ಸುತ್ತಿಕೊಂಡು ಕೂತಿದ್ದಳು.

"ಅಕ್ಕಾ, ನನ್ನ ಮೊದಲ್ನೇ ಮದುವೆಗೆ ಬಸ್ಸು ಬಿಟ್ಟು ಬರಕ್ಕಾಗಲ್ಲ ಅಂದೆ."

"ಮಕ್ಕಳಿಗೆ ಪರೀಕ್ಷೆ ಇತ್ತು ಕಣೆ."

"ಎರಡನೇದಕ್ಕೆ ಹಿಮ ಬಿದ್ದಿದೆ ಅಂದೆ."

"ಬಿದ್ದಿತ್ತಲ್ಲ."

"ಮೇ ತಿಂಗಳಲ್ಲಿ."

"ನಮ್ಮೂರು ಕಣೆ. ಬೀಳತ್ತೆ."

ಲವೋನ್ ನಗಲಿಲ್ಲ. ಕನ್ನಡಿಯಲ್ಲೇ ಅಕ್ಕನ ಮುಖ ನೋಡಿ ಮೆಲ್ಲಗೆ ಹೇಳಿದಳು. "ಇದು ಮೂರನೇದು. ಇನ್ನೊಂದು ಮಾಡ್ಕೊಳ್ಳೋ ಶಕ್ತಿ ನಂಗಿಲ್ಲ. ನಾಲ್ಕು ಗಂಟೆಗೆ ನೀನು ನನ್ನ ಪಕ್ಕದಲ್ಲಿ ನಿಂತಿರ್ಬೇಕು. ಇಲ್ಲಾಂದ್ರೆ ನಂಗೆ ಅಕ್ಕನೇ ಇರ್ಲಿಲ್ಲ ಅಂದ್ಕೊಂಡು ಇದ್ದುಬಿಡ್ತೀನಿ."

"ನಿಂತಿರ್ತೀನಿ."

"ದಾರೀಲಿ ಸಿಕ್ಕೋರ ಹತ್ರ ಮಾತಿಗೆ ನಿಂತ್ಕೋಬೇಡ. ನಿಂಗೆ ಎದ್ದು ಬರಕ್ಕೇ ಗೊತ್ತಾಗಲ್ಲ."

ಈ ಮಾತು ಆರ್ಡಿತ್ ಒಬ್ಬಳಿಗೇ ಸಲ್ಲುವುದಲ್ಲ. ನಮ್ಮ ಕಡೆ ಯಾರಿಗೂ ಎದ್ದು ಬರುವುದು ಗೊತ್ತಿಲ್ಲ. ಎದ್ದು ಹೊರಡುವುದಕ್ಕೂ ನಮ್ಮಲ್ಲಿ ಶಾಸ್ತ್ರವಿದೆ. ಮೊದಲು ಎರಡೂ ಕೈಯಲ್ಲಿ ಎರಡೂ ತೊಡೆಯನ್ನು ಚಟ್ ಎಂದು ತಟ್ಟಬೇಕು, ಪೈಲ್ವಾನರ ಹಾಗಲ್ಲ, ಬೇಸರದ ಹಾಗೆ. ತಟ್ಟಿ, "ಹೂಂ… ಹಾಗಾದ್ರೆ," ಅನ್ನಬೇಕು. ಅದನ್ನು ಯಾರಾದರೂ ಮಾಡುವ ತನಕ ಹೊರಡುವ ಮಾತೇ ಇಲ್ಲ. ಮಾಡಿದ ಮೇಲೆ ಬಾಗಿಲಲ್ಲಿ ಅರ್ಧ ಗಂಟೆ, ಮೆಟ್ಟಿಲಲ್ಲಿ ಕಾಲು ಗಂಟೆ, ಕಾರಿನ ಕಿಟಕಿಯಲ್ಲಿ ಇನ್ನೊಂದಿಷ್ಟು. ಆರ್ಡಿತ್‌ಳ ಗಂಡ ಎಮಿಲ್, ದೇವರು ಅವನನ್ನು ತಂಪಾಗಿಟ್ಟಿರಲಿ, ಒಮ್ಮೆ ಪಕ್ಕದ ಮನೆಯಲ್ಲಿ ಭಾನುವಾರ ತೊಡೆ ತಟ್ಟಿದವನು ಮನೆ ಮುಟ್ಟಿದ್ದು ಬುಧವಾರ. ನಡುವೆ ಅವರ ಹಸುವಿಗೆ ಹೆರಿಗೆ ಮಾಡಿಸಿದ್ದ.

ಆರ್ಡಿತ್ ತಾನೇ ಮಾಡಿ ತಂದಿದ್ದ ಕೊಲಾಚೆಗಳ ಡಬ್ಬಿ ಹಿಡಿದು ಹೊರಟಳು. ಗಸಗಸೆ ತುಂಬಿದ ಮೆತ್ತನೆ ಬನ್ನುಗಳು, ಎಣಿಸಿ ಹನ್ನೆರಡು. ಊರು ಸುತ್ತಿ, ಅಲ್ಲಿಂದ ನೇರ ಚರ್ಚಿಗೇ ಒಯ್ದರಾಯಿತು ಎಂದುಕೊಂಡಳು.

ಜೂಜಿನ ಯಂತ್ರಗಳ ಸಾಲು ದಾಟುವಾಗ ಪಾನೀಯ ಹಂಚುವ ಹೆಂಗಸು ಕರೆದಳು. "ಒಂದಾಟ ಆಡಿ ಅಮ್ಮಾವ್ರೇ, ನಿಮ್ಮ ಮುಖದಲ್ಲಿ ಅದೃಷ್ಟ ಇದೆ."

"ಅರವತ್ತು ಮಕ್ಕಳನ್ನ ಕೂರಿಸ್ಕೊಂಡು ಮಂಜುಗಡ್ಡೆ ಮೇಲೆ ಬಸ್ಸು ಓಡಿಸಿದೀನಮ್ಮ. ಇದ್ದ ಅದೃಷ್ಟ ಎಲ್ಲ ಅಲ್ಲೇ ಖರ್ಚಾಯ್ತು."

ಆಡದಿದ್ದರೂ ಆ ಊರಲ್ಲಿ ನೋಡಲಿಕ್ಕೆ ಕಡಿಮೆಯೇ? ಒಂದು ಹೋಟೆಲಿನ ತೋಟದಲ್ಲಿ ಗುಲಾಬಿ ಬಣ್ಣದ ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿದ್ದವು. ಮಂಡಿನೋವಿರಬೇಕು ಪಾಪ ಎಂದು ಆರ್ಡಿತ್ ಅವುಗಳಿಗೆ ಎಣ್ಣೆ ಹಚ್ಚುವ ವಿಧಾನ ಹೇಳಿಕೊಟ್ಟಳು. ಇನ್ನೊಂದು ಕಡೆ ಕೆರೆಯ ನೀರು ಹಾಡಿಗೆ ತಕ್ಕಂತೆ ಕುಣಿಯುತ್ತಿತ್ತು. ಎಷ್ಟು ಎತ್ತರ ಕುಣಿಯಿತೆಂದರೆ ಹಾರಿಹೋಗುತ್ತಿದ್ದ ಬಾತುಕೋಳಿಯೊಂದು ಮೀಯಿಸಿಕೊಂಡು ಹೋಯಿತು. ಬೇಕಾದ್ದು ಬಡಿಸಿಕೊಳ್ಳುವ ಊಟದ ಸಾಲೆಯಲ್ಲಿ ಏಡಿಯ ಕಾಲುಗಳನ್ನು ಸೌದೆ ಒಟ್ಟಿದ ಹಾಗೆ ಒಟ್ಟಿದ್ದರು. ಆರ್ಡಿತ್ ಮೂರು ತಟ್ಟೆ ಮುಗಿಸಿ, ನಾಲ್ಕನೆಯದನ್ನು ಮರ್ಯಾದೆಗೆಂದು ಬಿಟ್ಟಳು. ಆಗ ಕೈಗಡಿಯಾರದಲ್ಲಿ ಎರಡು ಗಂಟೆ. ಇನ್ನೂ ಬೇಕಾದಷ್ಟು ಹೊತ್ತಿತ್ತು.

ಆಮೇಲೆ ಅವಳು ಆ ಹೋಟೆಲಿಗೆ ಹೋದಳು. ಹೆಸರು ಹೇಳುವುದಿಲ್ಲ, ಹೇಳಿದರೆ ವಕೀಲರು ಬರುತ್ತಾರೆ. ಒಳಗೆ ಒಂದು ಇಡೀ ಬೀದಿ. ಕಲ್ಲುಹಾಸು, ದೀಪದ ಕಂಬ, ಸೇತುವೆ, ಕೆಳಗೆ ಕಾಲುವೆ, ಕಾಲುವೆಯಲ್ಲಿ ದೋಣಿ. ಮೇಲೆ ಚಾವಣಿಯೇ ಇಲ್ಲವೇನೋ ಅನ್ನುವಂಥ ಆಕಾಶ. ನೀಲಿ, ಅಂಚಿಗೆ ಕಿತ್ತಳೆ, ಅಲ್ಲಲ್ಲಿ ಹಿಂಜಿದ ಹತ್ತಿಯಂಥ ಮೋಡ. ಇನ್ನೇನು ಸೂರ್ಯ ಮುಳುಗಬೇಕು ಅನ್ನುವ ಹೊತ್ತು. ಬಣ್ಣ ಬಳಿದ ಆಕಾಶವೆಂದು ಆರ್ಡಿತ್‌ಗೂ ಗೊತ್ತು. ಆದರೂ ಆ ಬೆಳಕು ಬಿದ್ದಾಗ ಮಂಡಿನೋವು ಮಾಯವಾಯಿತು. ಚೆಂದ ಇದೆ, ಒಂದು ಗಳಿಗೆ ಕೂರೋಣ ಅನ್ನಿಸಿತು.

ಸೇತುವೆಯ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡಸಿನ ಕೊರಳಲ್ಲಿ ಹಳೇ ಕಾಲದ ಕ್ಯಾಮರಾ, ಹೆಂಗಸಿನ ತಲೆಯ ಮೇಲೆ ಹೂವಿನ ಟೋಪಿ. ಆರ್ಡಿತ್ ಕಂಡ ಕೂಡಲೇ ಸರಿದು ಜಾಗ ಬಿಟ್ಟರು. ಸರಿದ ರೀತಿ ನೋಡಿಯೇ ಅವಳಿಗೆ ತಿಳಿಯಿತು, ನಮ್ಮ ಕಡೆಯವರೇ.

"ಯಾವೂರ್ರೀ?" ಎಂದಳು ಆರ್ಡಿತ್.

"ಅಯೋವಾ," ಎಂದಳು ಟೋಪಿಯ ಹೆಂಗಸು. ನಮ್ಮ ಪಕ್ಕದ ರಾಜ್ಯವೇ. "ನಾನು ವರ್ನಾ. ಇವರು ಓರ್ವಿಲ್. ಕೂತ್ಕೊಳಮ್ಮ, ಪೆಪ್ಪರ್‌ಮಿಂಟ್ ತಗೋ."

ಆರ್ಡಿತ್ ತನ್ನ ಹೆಸರು ಹೇಳಿ, ಪೆಪ್ಪರ್‌ಮಿಂಟನ್ನು ಜೇಬಿಗೆ ಹಾಕಿಕೊಂಡಳು. ಮಾತು ಶುರುವಾಯಿತು. ಮೆಕ್ಕೆಜೋಳ ಹೇಗಿದೆ, ಮಳೆ ಹೇಗಿದೆ, ನಮ್ಮ ಕಡೆ ಗಾಳಿ ಜೋರು, ನಿಮ್ಮ ಕಡೆ ಹೇಗೆ. ಓರ್ವಿಲ್‌ನ ಕೈಯಲ್ಲಿ ಐಸ್‌ಕ್ರೀಮಿತ್ತು. ಆರ್ಡಿತ್ ಡಬ್ಬಿ ತೆಗೆದು ಕೊಲಾಚೆ ಕೊಟ್ಟಳು. ಅವರು ಬೇಡ ಬೇಡ ಅಂದರು. ಮೂರನೇ ಸಲ ಕೊಟ್ಟಾಗ ತೆಗೆದುಕೊಂಡರು. ಇಬ್ಬರೂ ಎರಡೆರಡು ತಿಂದರು. ಕಾಲುವೆಯಲ್ಲಿ ದೋಣಿಯವನು ಹಾಡಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಅದೇ ದೋಣಿ, ಅದೇ ಕಡೆಯಿಂದ, ಅದೇ ಸಾಲು ಹಾಡಿಕೊಂಡು ಮತ್ತೆ ಬಂತು.

"ಎಷ್ಟು ದಿನ ಆಯ್ತು ನೀವು ಬಂದು?"

"ಇವತ್ತೇ," ಎಂದ ಓರ್ವಿಲ್. "ಮಗಳ ಮದುವೆ. ನಾಲ್ಕು ಗಂಟೆಗೆ. ಸೂರ್ಯ ಮುಳುಗೋದು ನೋಡ್ಕೊಂಡು ಏಳಾಣ ಅಂತ ಕೂತ್ವಿ."

"ಅಯ್ಯೋ, ನಂದೂ ನಾಲ್ಕಕ್ಕೇ ಮದುವೆ. ತಂಗೀದು," ಎಂದು ಆರ್ಡಿತ್ ನಕ್ಕಳು. ನಗುತ್ತಲೇ ಡಬ್ಬಿ ಮುಚ್ಚಲು ಬಗ್ಗಿದಳು.

ಡಬ್ಬಿಯಲ್ಲಿ ಹನ್ನೆರಡು ಕೊಲಾಚೆ ಇದ್ದವು.

ಅವಳು ಮತ್ತೆ ಎಣಿಸಿದಳು. ಹನ್ನೆರಡು. ವರ್ನಾಳ ತುಟಿಯಲ್ಲಿ ಗಸಗಸೆ ಅಂಟಿತ್ತು, ತಿಂದದ್ದಂತೂ ನಿಜ. ಆರ್ಡಿತ್ ಗಡಿಯಾರವನ್ನು ಕಿವಿಗಿಟ್ಟುಕೊಂಡಳು. ಟಿಕ್ ಟಿಕ್ ಟಿಕ್, ಕುದುರೆಯ ಹಾಗೆ ಓಡುತ್ತಿತ್ತು. ಮುಳ್ಳು ಮಾತ್ರ ಎರಡು ಗಂಟೆ ಹತ್ತು ನಿಮಿಷದಲ್ಲೇ ನಿಂತಿತ್ತು. ಓರ್ವಿಲ್‌ನ ಐಸ್‌ಕ್ರೀಮು ಒಂದು ಹನಿಯೂ ಕರಗಿರಲಿಲ್ಲ. ಆಗ ಅವಳು ನೆಲ ನೋಡಿದಳು. ಸಂಜೆಯ ಬೆಳಕಲ್ಲವೇ, ನೆರಳು ಮಾರುದ್ದ ಬೀಳಬೇಕಿತ್ತು. ಅವರಿಬ್ಬರಿಗೂ ನೆರಳಿರಲಿಲ್ಲ. ಅವಳದಿತ್ತು, ಆದರೆ ತೊಳೆದು ತೊಳೆದು ಮಾಸಿದ ಬಟ್ಟೆಯ ಹಾಗೆ.

"ಮಗಳು ಹೇಗಿದಾಳೆ ನೋಡಮ್ಮ," ಎಂದು ವರ್ನಾ ಚೀಲದಿಂದ ಫೋಟೋ ತೆಗೆದಳು. ಕಪ್ಪು ಬಿಳುಪು ಫೋಟೋ. ನಮ್ಮಜ್ಜಿಯ ಕಾಲದವರು ಕಟ್ಟುತ್ತಿದ್ದ ಹಾಗೆ ಗೋಪುರದಂತೆ ಎತ್ತಿ ಕಟ್ಟಿದ ಕೂದಲು.

ಆರ್ಡಿತ್ ಡಬ್ಬಿ ಮುಚ್ಚಿ ಕಂಕುಳಿಗೆ ಸೇರಿಸಿದಳು. ಒಳಗೆ ನಿಂತಿದ್ದು ಗಡಿಯಾರ ಮಾತ್ರ. ಹೊರಗೆ ಹೊತ್ತು ನಿಲ್ಲುವುದಿಲ್ಲ. ಹೊರಗೆ ಲವೋನ್ ಇದ್ದಾಳೆ.

"ನಾನು ಹೊರಡ್ತೀನಿ," ಎಂದಳು.

"ಆಯ್ತಮ್ಮ," ಎಂದಳು ವರ್ನಾ. "ಅಂದಹಾಗೆ ನಿಮ್ಮ ಕಡೆ ಹಂದಿ ಸಾಕ್ತಾರಾ?"

ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗುವುದುಂಟೇ? ಕೊಟ್ಟಳು. ಮತ್ತೆ ಏಳಲು ಹೋದಳು. ಓರ್ವಿಲ್ ತನ್ನ ಪಿತ್ತಕೋಶದ ಆಪರೇಷನ್ ಶುರು ಮಾಡಿದ. ಕಾಯಿಲೆಯ ಮಾತಿನ ಮಧ್ಯೆ ಏಳುವುದುಂಟೇ? ಕೂತಳು. ಮೂರನೇ ಸಲ ಏಳುವಾಗ ಪಕ್ಕದ ಬೆಂಚಿನವರೂ ಮಾತಿಗೆ ಸೇರಿದರು. ಅವರಾಚೆ ಇನ್ನೊಂದು ಬೆಂಚು, ಅದರಾಚೆ ಇನ್ನೊಂದು. ಬೀದಿಯುದ್ದಕ್ಕೂ ಜನ ಕೂತೇ ಇದ್ದರು, ನಗುಮುಖದವರು, ಮಡಿಲಲ್ಲಿ ಚೀಲ ಇಟ್ಟುಕೊಂಡವರು, ಯಾವ ಕ್ಷಣದಲ್ಲಾದರೂ ಏಳುವವರ ಹಾಗೆ. ದೋಣಿಯವನು ಮತ್ತೆ ಬಂದ. ಈ ಸಲ ಹಾಡು ನಿಲ್ಲಿಸಿ, ಅವಳ ಕಡೆ ತಿರುಗದೆ, ತುಟಿಯಂಚಿನಲ್ಲೇ ಹೇಳಿದ.

"ಅಮ್ಮಾವ್ರೇ, ಇಲ್ಲಿ ಯಾರೂ ಯಾರನ್ನೂ ಹಿಡಿದಿಲ್ಲ. ಮೊದಲು ಏಳೋರು ಇಲ್ಲ, ಅಷ್ಟೇ."

ಆಗ ಹೊಳೆಯಿತು ಅವಳಿಗೆ. ಮೂರು ಸಲ ಏಳಲು ಹೋಗಿದ್ದಳು, ಶಾಸ್ತ್ರ ಮಾತ್ರ ಮಾಡಿರಲಿಲ್ಲ. ಅಪರಿಚಿತರ ಮುಂದೆ ತಾನೇ ಮೊದಲು ತಟ್ಟುವುದು ಹೇಗೆ ಎಂಬ ಸಂಕೋಚ. ಅಲ್ಲಿ ಕೂತ ಅಷ್ಟೂ ಜನಕ್ಕೆ ಅದೇ ಸಂಕೋಚ, ಎಷ್ಟು ವರ್ಷದಿಂದಲೋ.

ಆರ್ಡಿತ್ ಎರಡೂ ಕೈ ಎತ್ತಿ ತೊಡೆಯ ಮೇಲೆ ಚಟ್ ಎಂದು ತಟ್ಟಿದಳು.

"ಹೂಂ… ಹಾಗಾದ್ರೆ."

ಮಾತುಗಳೆಲ್ಲ ನಿಂತವು. ಓರ್ವಿಲ್‌ನ ಕೈ ತಾನಾಗಿಯೇ ತೊಡೆಗೆ ಬಿತ್ತು, ಚಟ್. ವರ್ನಾ, ಚಟ್. ಪಕ್ಕದ ಬೆಂಚು, ಅದರ ಪಕ್ಕದ್ದು. ಬೀದಿಯ ಆ ತುದಿಯವರೆಗೆ ಚಟಚಟಚಟ, ತಗಡಿನ ಸೂರಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. "ಹೂಂ… ಹಾಗಾದ್ರೆ," "ಹೂಂ… ಹಾಗಾದ್ರೆ," ಎಂದು ಸಾವಿರ ಬಾಯಿ ಗೊಣಗಿತು. ಬಣ್ಣದ ಆಕಾಶದಲ್ಲಿ ಒಂದು ಮೋಡ, ದೇವರಾಣೆ, ಒಂದು ಗೇಣು ಸರಿಯಿತು. ಓರ್ವಿಲ್‌ನ ಐಸ್‌ಕ್ರೀಮು ತೊಟ್ಟಿಕ್ಕಿತು.

ಎಲ್ಲರೂ ಎದ್ದರು. ಮಂಡಿಗಳು ಕಟಕಟ ಅಂದವು. ಆರ್ಡಿತ್ ಬಿರಬಿರನೆ ಬಾಗಿಲ ಕಡೆ ನಡೆದಳು, ಜನರೆಲ್ಲ ಹಿಂದೆ. ಬಾಗಿಲು ಬಂತು. ಗಾಜಿನಾಚೆ ನಿಜವಾದ ಬಿಸಿಲು.

ಅಲ್ಲಿ ಅವರು ನಿಂತುಬಿಟ್ಟರು. ಬಾಗಿಲಲ್ಲವೇ?

"ಅಂದಹಾಗೆ ಆರ್ಡಿತ್," ಎಂದಳು ವರ್ನಾ, "ನಿನ್ನ ತಂಗಿ ಗಂಡನ ಕಡೆಯವರು ಯಾವೂರೋರು?"

ಆರ್ಡಿತ್‌ಗೆ ಜೀವಮಾನದಲ್ಲಿ ಅಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ. ಕೇಳಿದವರು ಹಿರಿಯರು, ಪೆಪ್ಪರ್‌ಮಿಂಟ್ ಕೊಟ್ಟವರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವಳು ಹಲ್ಲು ಕಚ್ಚಿದಳು, ಕೊಲಾಚೆಯ ಡಬ್ಬಿಯನ್ನು ವರ್ನಾಳ ಕೈಗೆ ತುರುಕಿದಳು, ಬೆನ್ನು ತಿರುಗಿಸಿ ಹೊರಗೆ ಕಾಲಿಟ್ಟಳು. ಉತ್ತರ ಕೊಡದೆಯೇ.

"ಬನ್ನಿ," ಎಂದು ಹೊರಗಿನಿಂದ ಕರೆದಳು. "ಒಂದು ಹೆಜ್ಜೆ ಅಷ್ಟೇ. ನಿಮ್ಮ ಮಗಳು ಕಾಯ್ತಿದಾಳೆ."

"ಬರ್ತೀವಮ್ಮ, ಬರ್ತೀವಿ," ಎಂದಳು ವರ್ನಾ. ಆದರೆ ಆಗಲೇ ಪಕ್ಕದವರ ಕಡೆ ತಿರುಗಿದ್ದಳು. ಸಾವಿರ ಜನ ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ಹೋಗಿ ಬರುತ್ತೇವೆ ಎಂದು ಹೇಳುತ್ತಿದ್ದರು. ಗಾಜು ಮುಚ್ಚಿಕೊಳ್ಳುವ ಮೊದಲು ವರ್ನಾ ಕೈ ಎತ್ತಿ ಬೀಸಿದಳು. "ನಿಧಾನಕ್ಕೆ ಹೋಗಮ್ಮ. ಜಿಂಕೆ ಅಡ್ಡ ಬಂದೀತು."

ನಮ್ಮ ಕಡೆ ಬೀಳ್ಕೊಡುವಾಗ ಹೇಳುವ ಕೊನೆಯ ಮಾತು ಅದು, ಮರಳುಗಾಡಿನ ಊರಲ್ಲಿ ಎಂಥ ಜಿಂಕೆ? ಆರ್ಡಿತ್ ಓಡಿದಳು. ಗಡಿಯಾರದ ಮುಳ್ಳು ತಿರುಗಣೆಯ ಹಾಗೆ ಗಿರ್ರನೆ ಸುತ್ತಿ ಸುತ್ತಿ, ಕೊನೆಗೆ ನಾಲ್ಕಕ್ಕೆ ಎರಡು ನಿಮಿಷ ಇದೆ ಅನ್ನುವಲ್ಲಿ ನಿಂತಿತು. ಚರ್ಚಿನ ಬಾಗಿಲಿಗೆ ಬಂದಾಗ ಸರಿಯಾಗಿ ನಾಲ್ಕು.

ಲವೋನ್ ಮೆಟ್ಟಿಲ ಮೇಲೆ ಕೂತಿದ್ದಳು. ಮದುವೆಯ ಬಟ್ಟೆ ಮುದುಡಿತ್ತು, ಕೂದಲ ಸುರುಳಿಯೆಲ್ಲ ಇಳಿದು ಹೋಗಿತ್ತು. ಪಕ್ಕದಲ್ಲಿ ಮರ್ಲ್ ಕೋಟು ಮಡಚಿ ತಲೆದಿಂಬು ಮಾಡಿಕೊಂಡು ಮಲಗಿದ್ದ.

"ನಾಲ್ಕು ಗಂಟೆ," ಎಂದಳು ಆರ್ಡಿತ್ ಏದುಸಿರು ಬಿಡುತ್ತ. "ಬಂದೆ ಕಣೆ."

"ಶುಕ್ರವಾರದ ನಾಲ್ಕು ಗಂಟೆ ಅಕ್ಕಾ," ಎಂದಳು ಲವೋನ್. "ಮೂರು ದಿನ ಆಯ್ತು."

"ಮತ್ತೆ ನೀನು… ಮದುವೆ?"

"ನೀನಿಲ್ದೆ ಮಾಡ್ಕೊಳ್ಳಲ್ಲ ಅಂದೆ. ಮರ್ಲು ಆಯ್ತು ಅಂದ. ಅವನು ಯಾವಾಗ್ಲೂ ಅಷ್ಟೇ ಹೇಳೋದು. ಅಲ್ಲಿಂದ ಇಲ್ಲೇ ಕೂತಿದೀವಿ."

ಚರ್ಚು ನೋಡಿಕೊಳ್ಳುವ ಮುದುಕಿ ಬಾಗಿಲಿಗೆ ಬಂದು ಕೂಲಂಕಷವಾಗಿ ಆರ್ಡಿತ್‌ಳನ್ನು ಮೇಲಿಂದ ಕೆಳಗೆ ನೋಡಿದಳು. ಮುದುಕಿ ಬಿಳಿಗೂದಲನ್ನು ಗೋಪುರದ ಹಾಗೆ ಎತ್ತಿ ಕಟ್ಟಿದ್ದಳು. "ಬರ್ತೀವಿ ಅಂದೋರು ಬರದೇ ಇರೋದು ಈ ಊರಲ್ಲಿ ಹೊಸದಲ್ಲ," ಎಂದಳು. "ಬಂದಿದ್ದು ಇದೇ ಮೊದಲು."

ಆರ್ಡಿತ್ ಆ ಕೂದಲನ್ನೇ ನೋಡಿದಳು, ಫೋಟೋದಲ್ಲಿ ಕಂಡ ಅದೇ ಗೋಪುರ. ವರ್ನಾ ಕೊಟ್ಟ ಪೆಪ್ಪರ್‌ಮಿಂಟನ್ನು ಜೇಬಿನಿಂದ ತೆಗೆದು ಮುದುಕಿಯ ಅಂಗೈಯಲ್ಲಿಟ್ಟಳು. ಆಮೇಲೆ ಹೋಗಿ ತಂಗಿಯ ಪಕ್ಕದಲ್ಲಿ ನಿಂತಳು. ಮದುವೆ ಆರು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ಬಾಗಿಲಲ್ಲಿ ಒಂದು ಮಾತೂ ಆಡದೆ ಮೂವರೂ ಸೀದಾ ಊರಿಗೆ ಹೊರಟರು. ಅಂಥದ್ದು ನಮ್ಮ ಸೀಮೆಯಲ್ಲಿ ಅದಕ್ಕೆ ಮೊದಲೂ ನಡೆದಿಲ್ಲ, ಆಮೇಲೂ ನಡೆದಿಲ್ಲ.

ಕತೆ ಆಯಿತು. ಕಿಟಕಿಯಾಚೆ ನೋಡಿ, ಸೂರ್ಯ ಇನ್ನೇನು ಮುಳುಗಬೇಕು ಅನ್ನುವ ಹಾಗೇ ಇದ್ದಾನೆ, ನಾನು ಶುರು ಮಾಡಿದಾಗಲೂ ಹಾಗೇ ಇದ್ದ. ತಟ್ಟೆಯಲ್ಲಿ ಒಂದೇ ಒಂದು ಕೊಲಾಚೆ ಉಳಿದಿದೆ. ಕೊನೆಯದಕ್ಕೆ ಕೈ ಹಾಕಲು ನಿಮಗೆ ಸಂಕೋಚ, ಗೊತ್ತು. ಅದನ್ನು ಇತ್ತ ತಳ್ಳಿ. ಆಮೇಲೆ, ದಯವಿಟ್ಟು, ತೊಡೆ ನೀವೇ ಮೊದಲು ತಟ್ಟಬೇಕು.