ಕಕ್ಕಸಿನ ಗೋಡೆಯ ಮೇಲೊಂದು ಹೆಸರು

ಭದ್ರಾವತಿಯ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಶಿವಯೋಗಪ್ಪ ಮರಳಿನ ಅಚ್ಚು ಕಟ್ಟುವ ಕೆಲಸದಲ್ಲಿದ್ದ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ೧೯೫೮ರ ಬೇಸಿಗೆಯಲ್ಲಿ ಒಂದು ದಿನ ಕೆಲಸಗಾರರ ಕಕ್ಕಸಿಗೆ ಹೋದಾಗ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ತನ್ನ ಹೆಸರನ್ನು ಕಂಡ. ಪಕ್ಕದಲ್ಲಿ ‘ಗಂಡಸಲ್ಲ’ ಎಂದಿತ್ತು.

ಆ ಗೋಡೆಯ ತುಂಬ ಅಂಥದ್ದೇ. ಯಾರು ಎಷ್ಟು ಹೆಂಗಸರನ್ನು ಕಂಡವರು, ಯಾರು ಹೆಂಡತಿಗೆ ಹೆದರುತ್ತಾರೆ ಎಂದೆಲ್ಲ ಬರೆದು ಚಿತ್ರಗಳನ್ನೂ ಗೀಚಿದ್ದರು. ಹೆಸರು ಬಂದವನು ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ ಉತ್ತರ ಬರೆಯಬೇಕು. ಅಲ್ಲಿನ ರೂಢಿಯೇ ಹಾಗೆ. ಶಿವಯೋಗಪ್ಪ ಬರೆಯಲಿಲ್ಲ. ಊಟದ ಹೊತ್ತಿಗೆ ಜೊತೆಗಾರರು ನಕ್ಕರು. ಆರು ವರ್ಷದಿಂದ ಅವನ ಪಕ್ಕದಲ್ಲೇ ದುಡಿಯುತ್ತಿದ್ದ ಜಟ್ಟಪ್ಪ, ಸುಳ್ಳಾದರೆ ಸುಳ್ಳು ಅಂತ ಬರೆದುಬಿಡು ಮಾರಾಯ ಎಂದ. ಶಿವಯೋಗಪ್ಪ ತಲೆಯೆತ್ತದೆ ರೊಟ್ಟಿ ಮುರಿದ.

ಅಂದಿನಿಂದ ಅವನು ಕಕ್ಕಸಿಗೆ ಹೋಗುವುದನ್ನೇ ಬಿಟ್ಟ. ಕುಲುಮೆಯ ಕಾವಿನಲ್ಲೂ ನೀರು ಕುಡಿಯದೆ ಪಾಳಿ ಮುಗಿಸುತ್ತಿದ್ದ. ಮೂರನೆಯ ವಾರ ಉರಿಮೂತ್ರವಾಗಿ ಜ್ವರ ಬಂದು ಮಲಗಿದ. ಹೆಂಡತಿ ಕಲ್ಲಮ್ಮ ಗಂಜಿ ಕುಡಿಸುತ್ತ, ಮತ್ತೆ ಮತ್ತೆ ಕೇಳಿ ವಿಷಯ ಬಾಯಿಬಿಡಿಸಿದಳು. ಹಿಂದಿನ ವರ್ಷ ಇಬ್ಬರೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ತೊಂದರೆ ಇದ್ದದ್ದು ಅವಳಲ್ಲಿ.

“ಆ ಒಂದು ಮಾತು ಹೇಳಿದ್ರೆ ಎಲ್ಲರ ಬಾಯಿ ಮುಚ್ತಿತ್ತಲ್ಲ,” ಎಂದಳು.

“ಹೇಳಿದ್ರೆ ನಾಳೆ ಅಲ್ಲಿ ನಿನ್ನ ಹೆಸರಿರುತ್ತೆ. ನನ್ನದೇ ಇರ್ಲಿ ಬಿಡು.”

ಭಾನುವಾರ ಜಟ್ಟಪ್ಪ ಎರಡು ಎಳನೀರು ಹಿಡಿದು ನೋಡಲು ಬಂದ. ಕಲ್ಲಮ್ಮ ಕಾಫಿ ಕೊಟ್ಟಳು. ಗಂಡ ತಡೆಯುವಷ್ಟರಲ್ಲಿ ಅವಳ ಮಾತು ಮುಗಿದೇ ಹೋಗಿತ್ತು.

“ದೋಷ ಇರೋದು ನನ್ನಲ್ಲಿ, ಜಟ್ಟಪ್ಪ. ಡಾಕ್ಟ್ರೇ ಹೇಳಿದಾರೆ. ಬರೆದೋರು ಯಾರು ಅಂತ ಗೊತ್ತಾದ್ರೆ ಇದನ್ನ ಹೇಳು. ಬೇಕಾದ್ರೆ ಹಾಗೇ ಬರ್ಕೊಳ್ಲಿ.”

ಜಟ್ಟಪ್ಪ ಲೋಟ ಕೆಳಗಿಟ್ಟ.

“ಬರೆದೋನು ನಾನೇ ಅಕ್ಕ.”

ಹೆಂಡತಿಗೆ ಹೆದರುವವನೆಂದು ಯಾರೋ ತನ್ನ ಹೆಸರು ಬರೆದಿದ್ದರು, ಎಲ್ಲರ ನಗೆಯನ್ನು ಬೇರೆ ಕಡೆ ತಿರುಗಿಸಿದರೆ ಸಾಕೆಂದು ಥಟ್ಟನೆ ತೋಚಿದ ಹೆಸರು ಗೀಚಿದೆ ಎಂದ. ಶಿವಯೋಗಪ್ಪ ಮಗ್ಗುಲು ಬದಲಿಸಿ ಅವನಿಗೆ ಬೆನ್ನು ಹಾಕಿದ. ಜಟ್ಟಪ್ಪ ಕಾಫಿ ಕುಡಿಯದೆ ಎದ್ದು ಹೋದ.

ಮರುದಿನ ಅವನು ಎಲ್ಲರೂ ನೋಡುತ್ತಿದ್ದಂತೆ ಕಬ್ಬಿಣದ ಚೂರಿನಿಂದ ಆ ಬರಹವನ್ನು ಕೆರೆದು ತೆಗೆದ. ಬರೆದದ್ದು ತಾನು, ಬರೆದದ್ದು ಸುಳ್ಳು ಎಂದಷ್ಟೇ ಹೇಳಿದ. ಕಲ್ಲಮ್ಮನ ಮಾತನ್ನು ಎತ್ತಲಿಲ್ಲ. ಸಂಜೆಯೊಳಗೆ ಗೋಡೆಯ ಮೇಲೆ ಅವನ ಹೆಸರಿತ್ತು, ಜೊತೆಗೆ ಇನ್ನೂ ಕೊಳಕು ಮಾತು. ಅವನು ಉತ್ತರ ಬರೆಯಲಿಲ್ಲ. ಕ್ರಮೇಣ ಜೊತೆಗಾರರು ಅವನನ್ನು ಊಟಕ್ಕೆ ಕರೆಯುವುದನ್ನೂ ಬಿಟ್ಟರು.

ಕೆಲಸಕ್ಕೆ ಮರಳಿದ ಶಿವಯೋಗಪ್ಪ ಎರಡು ತಿಂಗಳು ಜಟ್ಟಪ್ಪನೊಂದಿಗೆ ಕೆಲಸದ ಮಾತಷ್ಟೇ ಆಡಿದ. ಆಮೇಲೊಂದು ಮಧ್ಯಾಹ್ನ, ಮರಳಿನ ರಾಶಿಯ ಹತ್ತಿರ ಒಬ್ಬನೇ ಉಣ್ಣುತ್ತಿದ್ದ ಜಟ್ಟಪ್ಪನ ಪಕ್ಕ ಹೋಗಿ ತನ್ನ ಬುತ್ತಿ ಬಿಚ್ಚಿದ. ಆಚೆಯಿಂದ ಯಾರೋ ಸಿಳ್ಳೆ ಹಾಕಿದರು. ಶಿವಯೋಗಪ್ಪ ಅಲ್ಲಿಂದ ಏಳಲಿಲ್ಲ.

ಮನೆಗೆ ಬಂದು, ಜಟ್ಟಪ್ಪನ ಪಕ್ಕ ಕೂತು ಉಂಡದ್ದನ್ನು ಹೆಂಡತಿಗೆ ಹೇಳಿದ. ಅವಳು ಒಲೆಗೆ ಸೌದೆ ಒಟ್ಟುತ್ತಿದ್ದಳು.

“ಅವನ್ನ ಕ್ಷಮಿಸೋಕೆ ನಿಮಗೆ ಆಗುತ್ತೆ,” ಎಂದಳು. “ನನಗಿನ್ನೂ ಆಗಲ್ಲ.”

ಅವನು ಒತ್ತಾಯ ಮಾಡಲಿಲ್ಲ.