ಅತ್ತೆ ಹತ್ತಿದ ಅಲೆ

ಡಕೋಸ್ಟಾ ಗಿಟ್ಟೆನ್ಸ್ ಬಾರ್ಬಡೋಸ್‌ನ ಪೂರ್ವ ಕರಾವಳಿಗೆ ಬಸ್ಸು ಓಡಿಸುತ್ತಿದ್ದ. ಆದರೆ ಅವನ ನಿಜವಾದ ಪ್ರತಿಭೆ ಇದ್ದದ್ದು ಜನರ ದಾರಿ ತಪ್ಪಿಸುವುದರಲ್ಲಿ. ಕೊನೆಯ ನಿಲ್ದಾಣದ ಎದುರಿಗೇ ಅವನ ಗೆಳೆಯ ಸೀಬರ್ಟನ ರಮ್ ಅಂಗಡಿ. ಜೀಪಿನ ನೆತ್ತಿಗೆ ಅಲೆಯೇರುವ ಹಲಗೆ ಕಟ್ಟಿಕೊಂಡು ಬರುವ ಪರದೇಶದವರೆಲ್ಲ ಅಲ್ಲಿ ನಿಲ್ಲಿಸಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಸೂಪ್ ಬೌಲ್ ಕಡಲತೀರದಲ್ಲಿ ವಿಪರೀತ ಜನ, ಊರಿನವರು ಸರ್ಫಿಂಗ್ ಮಾಡುವ ಜಾಗ ಯಾವುದು?

ಊರಿನವರು ಹೋಗುವ ಜಾಗ ಕೆಟಲ್. ಊರಿನವರು ಎಂದರೆ ಡಕೋಸ್ಟಾ ಮತ್ತು ಸೀಬರ್ಟ್, ಇಬ್ಬರೇ. ಹಳೆಯ ರೈಲು ದಾರಿ ದಾಟಿ, ಪೊದೆಗಳೊಳಗೆ ನುಸುಳಿದರೆ ಸಿಗುವ ಆ ಸಣ್ಣ ಕೊಲ್ಲಿಯಲ್ಲಿ ಅಲೆ ಕುದಿವ ನೀರಿನಂತೆ ಉಕ್ಕಿ, ಬಲಕ್ಕೆ ಉದ್ದಾನುದ್ದ ಸುರುಳಿ ಸುತ್ತುತ್ತಿತ್ತು. ಅದರ ವಿಷಯ ಯಾರ ಬಳಿಯೂ ಬಾಯಿ ಬಿಡುವುದಿಲ್ಲವೆಂದು ಇಬ್ಬರೂ ಮೀಸೆ ಮೂಡುವ ಮೊದಲೇ ಆಣೆ ಮಾಡಿಕೊಂಡಿದ್ದರು. ಡಕೋಸ್ಟಾ ಹೆಂಡತಿ ಮಾರ್ವಾಳಿಗೂ ಹೇಳಿರಲಿಲ್ಲ. ಶನಿವಾರ ಒದ್ದೆ ತಲೆಯಲ್ಲಿ ಮನೆಗೆ ಬಂದಾಗ ಬಸ್ಸು ತೊಳೆದೆ ಎನ್ನುತ್ತಿದ್ದ.

ಒಂದು ದಿನ ಯೆಪ್ಪೆ ಎಂಬ ಡೆನ್ಮಾರ್ಕಿನ ತರುಣ ಬಂದ. ಕಂಬದಷ್ಟು ಎತ್ತರ, ಬಿಸಿಲಿಗೆ ಬೆಂದ ಮೂಗು, ಯಾರು ಏನು ಹೇಳಿದರೂ ನಂಬುವ ಕಣ್ಣು. ಅಂಥವರನ್ನು ಕಂಡರೆ ಡಕೋಸ್ಟಾನ ನಾಲಿಗೆ ತುರಿಸುತ್ತಿತ್ತು.

"ಬೇಸಿನ್‌ಗೆ ಹೋಗು," ಎಂದ. "ಚರ್ಚಿನ ಕೆಳಗೆ ಬಂಡೆಗಳುಂಟಲ್ಲ, ಅಲ್ಲಿ. ಬೆಳಕು ಹರಿಯುವಾಗಲೇ ಹೋಗ್ಬೇಕು."

"ಅಲೆ ದೊಡ್ಡದಾ?"

"ದೊಡ್ಡದಾ? ಮಾರಾಯ, ಅದು ಕಣ್ಣಿಗೇ ಕಾಣುದಿಲ್ಲ! ಸದ್ದಿಲ್ಲದೆ ಬರ್ತದೆ. ಹಲಗೆ ಮೇಲೆ ಮಲಗಿ ಸುಮ್ಮನೆ ಕಾಯ್ಬೇಕು. ಅವಸರ ಮಾಡಿದವನಿಗೆ ಅದು ಸಿಗುದಿಲ್ಲ."

ಯೆಪ್ಪೆ ಭಕ್ತಿಯಿಂದ ತಲೆಯಾಡಿಸಿದ. ಸೀಬರ್ಟ್ ಇಲ್ಲದ ಬಾಟಲಿ ಹುಡುಕುವವನಂತೆ ಕಟ್ಟೆಯ ಕೆಳಗೆ ತಲೆ ಹುದುಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಬೇಸಿನ್ ಎಂದರೆ ಬಂಡೆಗಳ ನಡುವೆ ಸಿಕ್ಕಿಬಿದ್ದ ಸೊಂಟಮಟ್ಟದ ನೀರು. ಯಾರಾದರೂ ಜೋರಾಗಿ ಸೀನಿದರೆ ಮಾತ್ರ ಅಲ್ಲಿ ಅಲೆ ಏಳುತ್ತಿತ್ತು. ಡಕೋಸ್ಟಾನ ಅತ್ತೆ ಮಿಸ್ ಯೂಡೀನ್ ಮತ್ತು ಅವಳ ಚರ್ಚಿನ ಹಾಡುಗಾರ್ತಿಯರ ಬಳಗ ದಿನಾ ಬೆಳಿಗ್ಗೆ ಸಮುದ್ರಸ್ನಾನಕ್ಕೆ ಇಳಿಯುತ್ತಿದ್ದದ್ದು ಅಲ್ಲಿಯೇ. ಎಲ್ಲರೂ ಎಪ್ಪತ್ತರ ಆಸುಪಾಸು. ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ ಇಟ್ಟು, ಕತ್ತಿನವರೆಗೆ ಮುಳುಗಿ ಕುಳಿತು ಊರಿನ ಸಂಸಾರಗಳನ್ನೆಲ್ಲ ವಿಚಾರಣೆಗೆ ತೆಗೆದುಕೊಳ್ಳುತ್ತಿದ್ದರು. ಆ ಟೋಪಿಗಳ ನಡುವೆ ಯೆಪ್ಪೆ ಕಾಣದ ಅಲೆಗೆ ಕಾಯುತ್ತ ಮಲಗಿರುವುದನ್ನು ನೆನೆದು ಡಕೋಸ್ಟಾ ಮರುದಿನ ಗೇರು ಬದಲಿಸಿದಾಗಲೆಲ್ಲ ನಕ್ಕ. ಪ್ರಯಾಣಿಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆ ಕೊನೆಯ ನಿಲ್ದಾಣದಲ್ಲಿ ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಡಕೋಸ್ಟಾ ಬೈಸಿಕೊಳ್ಳಲು ಸಿದ್ಧನಾಗಿ ಇಳಿದ.

"ನೀನು ಕಳಿಸಿದ ಹುಡುಗ ಚಿನ್ನದಂಥವ!" ಎಂದಳು ಮಿಸ್ ಯೂಡೀನ್. "ಪಾಪ, ಮಲಗಿದವ ಅಲ್ಲಾಡ್ಲೇ ಇಲ್ಲ. ಸತ್ತನೋ ಏನೋ ಅಂತ ನಮ್ಮ ಬಳಗದ ಗ್ಲೆಂಡೋರಾ ಬೆರಳಲ್ಲಿ ಚುಚ್ಚಿ ನೋಡಿದ್ಳು. ಅಲೆಗೆ ಕಾಯ್ತಿದ್ದೇನೆ ಅಂದ. ಇಲ್ಲಿ ಎಂತ ಅಲೆ ಮಗಾ, ನಾವೇ ನೂಕ್ತೇವೆ ಅಂತ ಎಲ್ಲರೂ ಸೇರಿ ನೂಕಿದೆವು ನೋಡು, ಸೀದಾ ಹೋಗಿ ಬಂಡೆಗೆ! ಆಮೇಲೆ ನಮ್ಮನ್ನೂ ಹತ್ತಿಸಿದ."

"ನಿಮ್ಮನ್ನಾ?"

"ಯಾಕೆ, ನನಗೆ ಕಾಲಿಲ್ವಾ?"

ಯೆಪ್ಪೆ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದ. ಟೋಪಿ ಹಾಕಿದ ಅಜ್ಜಿಯರು ಕೀರ್ತನೆ ಹಾಡುತ್ತ ಒಬ್ಬರನ್ನೊಬ್ಬರು ಹಲಗೆಯ ಮೇಲೆ ನೂಕುವುದನ್ನು ಪ್ರಪಂಚವೆಲ್ಲ ನೋಡಿತು. ಹಿಂಡು ಹಿಂಡಾಗಿ ಜನ ಬೇಸಿನ್ನಿಗೆ ಬಂದರು, ಅಜ್ಜಿಯರ ಕೈಯಲ್ಲಿ ನೂಕಿಸಿಕೊಳ್ಳಲು ಸಾಲು ನಿಂತರು. ಕೆಟಲಿನತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಡಕೋಸ್ಟಾ ಗೆದ್ದೆನೆಂದು ಬೀಗಿದ.

ಆದರೆ ಅಜ್ಜಿಯರಿಗೆ ನೂಕುವುದು ಬೇಸರವಾಯಿತು. ಒಂದು ಶುಕ್ರವಾರ ಡಕೋಸ್ಟಾ ಹಾರುವ ಮೀನಿನ ಸಾರಿನಲ್ಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅದ್ದುತ್ತಿದ್ದಾಗ ಮಿಸ್ ಯೂಡೀನ್ ಬಂದು ಎದುರಿಗೆ ಕುರ್ಚಿ ಎಳೆದುಕೊಂಡಳು.

"ಅಳಿಯಾ, ನಿಜವಾದ ಅಲೆ ಎಲ್ಲುಂಟು?"

"ನಿಮಗೆ ಯಾಕೆ ಅತ್ತೆ ಈ ವಯಸ್ಸಲ್ಲಿ?"

"ವಯಸ್ಸು ನಂದು, ಅದರ ಚಿಂತೆ ನಿನಗೆ ಬೇಡ. ಜಾಗ ಹೇಳು."

ಡಕೋಸ್ಟಾ ಮುದ್ದೆ ನುಂಗುವಷ್ಟರಲ್ಲಿ ಲೆಕ್ಕ ಹಾಕಿದ. ತಾನು ಸುಳ್ಳುಗಾರನೆಂದು ಅತ್ತೆಗೆ ಮದುವೆಯ ದಿನದಿಂದಲೂ ಗೊತ್ತು. ಎಡಕ್ಕೆ ಎಂದರೆ ಬಲಕ್ಕೆ ಹೋಗುವ ಹೆಂಗಸು. ಹಾಗಾದರೆ ನಿಜವನ್ನೇ ಹೇಳಿಬಿಟ್ಟರೆ ಅದೊಂದು ಜಾಗ ಬಿಟ್ಟು ದ್ವೀಪವೆಲ್ಲ ಸುತ್ತುತ್ತಾಳೆ! ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ರೈಲು ದಾರಿ, ಪೊದೆ, ಕೆಟಲ್, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದು, "ಹೌದಾ," ಎಂದಷ್ಟೇ ಹೇಳಿ ಎದ್ದುಹೋದಳು.

ಮರುದಿನ ಕೆಟಲಿನಲ್ಲಿ ಡಕೋಸ್ಟಾ, ಸೀಬರ್ಟ್ ಇಬ್ಬರೂ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು. ಇದ್ದಕ್ಕಿದ್ದಂತೆ ಸೀಬರ್ಟ್ ದಡದ ಕಡೆ ಕೈ ತೋರಿಸಿದ.

"ಡಕೋಸ್ಟಾ, ಪೊದೆಗೆ ಟೋಪಿ ಬಂದಿದೆ."

ಒಂದಲ್ಲ, ಸಾಲು ಟೋಪಿ. ಎಲ್ಲಕ್ಕಿಂತ ಮೇಲೆ ಯೆಪ್ಪೆಯ ಕೆಂಪು ಮೂಗು. ಅವನ ತಲೆಯ ಮೇಲೆ ಅಜ್ಜಿಯರ ಹಲಗೆಗಳ ರಾಶಿ. ಹಿಂದೆ ಬುಟ್ಟಿ ಹಿಡಿದು ಮಾರ್ವಾ.

"ಬಸ್ಸು ತೊಳೀತಿದ್ದೀಯಾ?" ಎಂದು ಅವಳು ದಡದಿಂದಲೇ ಕೂಗಿದಳು. "ಎಷ್ಟು ದೊಡ್ಡ ಬಕೆಟ್ಟು ಮಾರಾಯ!"

"ಅತ್ತೆ, ನೀವು ಹೇಗೆ ನಂಬಿದ್ರಿ?" ಡಕೋಸ್ಟಾ ಕಿರುಚಿದ.

"ಸುಳ್ಳು ಹೇಳುವಾಗ ನೀನು ಕಿವಿ ತುರಿಸ್ತಿ," ಎಂದಳು ಮಿಸ್ ಯೂಡೀನ್, ನೀರಿಗಿಳಿಯುತ್ತ. "ನಿನ್ನೆ ತುರಿಸ್ಲಿಲ್ಲ. ಹುಷಾರಿಲ್ವೋ ಅಂತ ಹೆದರಿದೆ."

ಒಬ್ಬರು ಹಿಡಿದ ಅಲೆಗೆ ಇನ್ನೊಬ್ಬರು ಅಡ್ಡ ಬರಬಾರದು ಎಂಬುದು ಸಮುದ್ರದ ಕಟ್ಟಳೆ. ಅದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವವಳಲ್ಲ. ಡಕೋಸ್ಟಾ ಆ ಬೆಳಗಿನ ಅತಿ ಚೆಂದದ ಅಲೆ ಹಿಡಿದು ಎದ್ದು ನಿಲ್ಲುವುದಕ್ಕೂ, ಮಿಸ್ ಯೂಡೀನ್ ಬೋರಲಾಗಿ ಮಲಗಿ, ಗಂಟಲು ಬಿಟ್ಟು ಹಾಡುತ್ತ ಅದೇ ಅಲೆಯ ಮೇಲೆ ಅಡ್ಡಡ್ಡ ಜಾರಿ ಬರುವುದಕ್ಕೂ ಸರಿಹೋಯಿತು.

"ಪಕ್ಕಕ್ಕೆ ಸರಿಯಿರಿ ಅತ್ತೆ!"

"ನೀನು ಸರಿ!"

ಅವನೇ ಸರಿದ. ಮೈತುಂಬ ಕರಿಮುಳ್ಳಿರುವ ಕಡಲಜೀವಿಗಳು ಒತ್ತಾಗಿ ಅಂಟಿಕೊಂಡಿದ್ದ ಬಂಡೆಯ ಮೇಲೆ, ಕುಂಡೆ ಮುಂದಾಗಿ, ಹೋಗಿ ಕುಳಿತ. ಆ ಕೂಗಿಗೆ ಪೊದೆಯ ಹಕ್ಕಿಗಳೆಲ್ಲ ಹಾರಿಹೋದವು.

ಮರಳಿನ ಮೇಲೆ ಅವನನ್ನು ಬೋರಲು ಮಲಗಿಸಿ, ಅಜ್ಜಿಯರು ಸುತ್ತ ಕುಳಿತು ಮುಳ್ಳು ಕೀಳತೊಡಗಿದರು. ಗ್ಲೆಂಡೋರಾ ಪಾಲು ಹಂಚಿದಳು: ಎಡಭಾಗ ಇವರಿಗೆ, ಬಲಭಾಗ ಅವರಿಗೆ. ಮಾರ್ವಾ ನಿಂಬೆಹಣ್ಣು ಹಿಂಡಿದಳು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಹಿಂಡಿದಳು. ಯೆಪ್ಪೆ ಅವನ ಕಿವಿಯ ಬಳಿ ಬಾಗಿ ಗಂಭೀರವಾಗಿ, "ಅವಸರ ಮಾಡಿದವರಿಗೆ ಸಿಗುವುದಿಲ್ಲ ಅಂತ ನೀವೇ ಹೇಳಿದ್ರಲ್ಲ," ಎಂದ.

ಒಂದು ವಾರ ಡಕೋಸ್ಟಾ ಬಸ್ಸು ಓಡಿಸಲಿಲ್ಲ. ಓಡಿಸಲು ಕೂರಬೇಕಲ್ಲ. ಕೇಳಿದವರಿಗೆಲ್ಲ ಮಾರ್ವಾ "ನಮ್ಮಮ್ಮ ಗುದ್ದಿದ್ಳು" ಎಂದಳು.

ಮುಂದಿನ ಶನಿವಾರ ನಿಲ್ಲಲು ಮಾತ್ರ ಆಗುತ್ತಿದ್ದುದರಿಂದ ಅವನು ಕೆಟಲಿನ ದಡದ ಬಳಿ ಸೊಂಟಮಟ್ಟದ ನೀರಿನಲ್ಲಿ ನಿಂತು ನೋಡುತ್ತಿದ್ದ. ಅತ್ತೆ ಏಳಲು ಹೋಗಿ ಬೀಳುತ್ತಿದ್ದಳು, ಮತ್ತೆ ಹೋಗುತ್ತಿದ್ದಳು, ಮತ್ತೆ ಬೀಳುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ.

"ಕಾಲು ನೋಡ್ಬೇಡಿ ಅತ್ತೆ! ಮೊಣಕಾಲು ಬಗ್ಗಿಸಿ, ದಡ ನೋಡಿ! ಈಗ... ಏಳಿ!"

ಮಿಸ್ ಯೂಡೀನ್ ಎದ್ದಳು. ಕೈಗಳೆರಡನ್ನೂ ಚಾಚಿ, ಹಾಡುವುದನ್ನೂ ಮರೆತು, ಬಾಯಿ ಅಗಲಿಸಿ, ನೊರೆಯ ಮೇಲೆ ನೆಟ್ಟಗೆ ತೇಲಿ ಬಂದಳು. ಡಕೋಸ್ಟಾ ನೋವು ಮರೆತು ಕುಣಿದ. "ನಮ್ಮತ್ತೆ! ನೋಡಿ, ಅದು ನಮ್ಮತ್ತೆ!" ಎಂದು ದಡದಲ್ಲಿದ್ದವರಿಗೆಲ್ಲ ಕೂಗಿದ, ಅವರಿಗೆ ಗೊತ್ತೇ ಇಲ್ಲವೆಂಬಂತೆ. ಹಾಗೆ ಕೂಗುತ್ತಿದ್ದವನಿಗೆ ಪಕ್ಕಕ್ಕೆ ಸರಿಯಬೇಕೆಂಬುದು ಹೊಳೆಯಲಿಲ್ಲ. ಹಲಗೆಯನ್ನು ತಿರುಗಿಸುವುದು ಹೇಗೆಂದು ಅತ್ತೆ ಇನ್ನೂ ಕಲಿತಿರಲಿಲ್ಲ.